ಫಲಕದಲ್ಲಿ ಕಾಣದ ಸಾಧನೆ: ಅಮೆರಿಕದ ಫ್ರೆಟರ್ನಿಟಿಗಳ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ಫ್ರೆಟರ್ನಿಟಿ ಅಂದರೆ ಅಮೆರಿಕದ ಕಾಲೇಜು ಹುಡುಗರು ಅಣ್ಣತಮ್ಮಂದಿರ ಹಾಗೆ ಕಟ್ಟಿಕೊಳ್ಳುವ ಕೂಟ; ಒಂದೊಂದು ಕಾಲೇಜಿನಲ್ಲಿರುವ ಅದರ ಶಾಖೆಗೆ ಚಾಪ್ಟರ್ ಅನ್ನುತ್ತಾರೆ. ಇಲ್ಲಿನ ಕಾಲೇಜುಗಳಲ್ಲಿ ವರ್ಷ ಮುಗಿಯುವ ಹೊತ್ತಿಗೆ ಒಂದೊಂದು ಫ್ರೆಟರ್ನಿಟಿ ಚಾಪ್ಟರೂ ತನ್ನ ಸಾಧನೆಯ ವರದಿ ಹೊರಡಿಸುತ್ತದೆ. ಸದಸ್ಯರ ಸರಾಸರಿ ಜಿಪಿಎ ಇಷ್ಟು, ಸಮಾಜಸೇವೆ ಇಷ್ಟು ಗಂಟೆ, ಎತ್ತಿದ ದೇಣಿಗೆ ಇಷ್ಟು ಡಾಲರು, ರಾಷ್ಟ್ರೀಯ ಸಮಾವೇಶದಲ್ಲಿ ಬಂದ ಫಲಕ. ಜೊತೆಗೆ ಸೂಟು ತೊಟ್ಟು ಮೆಟ್ಟಿಲ ಮೇಲೆ ಸಾಲಾಗಿ ನಿಂತ ಹುಡುಗರ ಫೋಟೋ, ಕೆಳಗೆ ‘ಬ್ರದರ್‌ಹುಡ್’. ಮಕ್ಕಳು ಇದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ, “ಅಪ್ಪಾ, ಇದಕ್ಕೆ ಸೇರ್ತೀನಿ, ಡ್ಯೂಸ್ ಕಟ್ಟಬೇಕು” ಅಂತ ಸದಸ್ಯತ್ವದ ಶುಲ್ಕ ಕೇಳುತ್ತಾರೆ. ಈ ಸಭೆಯಲ್ಲಿ ಅಂಥ ಅಪ್ಪ ಅಮ್ಮಂದಿರು ಸುಮಾರು ಜನ ಇದ್ದೀರಿ ಅಂತಲೇ ನಾನು ಈ ವಿಷಯಕ್ಕೆ ಒಪ್ಪಿಕೊಂಡೆ. ಸೇರಿದ ಹುಡುಗರು ಓದು ಮುಗಿಸಿ, ಮೈಮನಸ್ಸು ನೆಟ್ಟಗಿಟ್ಟುಕೊಂಡು ಹೊರಗೆ ಬಂದರೋ ಇಲ್ಲವೋ ಅನ್ನುವುದೇ ನನ್ನ ಲೆಕ್ಕದಲ್ಲಿ ಒಂದು ಚಾಪ್ಟರಿನ ಸಾಧನೆ. ಉಳಿದದ್ದೆಲ್ಲ ಅಲಂಕಾರ.

ಹಳೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ಮೊದಲ ವಿದ್ಯಾರ್ಥಿ ಕೂಟ ಫೈ ಬೀಟಾ ಕಪ್ಪಾ. ಹುಟ್ಟಿದ್ದು 1776ರ ಡಿಸೆಂಬರ್ 5ರಂದು, ವರ್ಜೀನಿಯಾದ ವಿಲಿಯಮ್ ಅಂಡ್ ಮೇರಿ ಕಾಲೇಜಿನಲ್ಲಿ. ಅದು ಈಗ ಬರೀ ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆ. ಇವತ್ತಿನ ಮಾದರಿಯ ಫ್ರೆಟರ್ನಿಟಿ ಶುರುವಾದದ್ದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ. ಒಳಗೆ ಇದ್ದವರು ಉಳ್ಳವರ ಮನೆಯ ಬಿಳಿಯ ಹುಡುಗರು. ಬೇರೆಯವರಿಗೆ ಬಾಗಿಲಿಲ್ಲ ಎಂದು ನಿಯಮಾವಳಿಯಲ್ಲೇ ಬರೆದುಕೊಂಡ ಕೂಟಗಳೂ ಇದ್ದವು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರು ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು ಅನ್ನುವ ಕಾರಣಕ್ಕೆ ರಾಷ್ಟ್ರೀಯ ಸಂಸ್ಥೆ ಆ ಇಡೀ ಚಾಪ್ಟರನ್ನೇ ಹೊರಗೆ ಹಾಕಿತು. ಇದೂ ಸಹೋದರತ್ವದ ಹೆಸರಿನಲ್ಲೇ.

ಈಗ ಕಾರ್ನೆಲ್‌ಗೆ ಬರೋಣ. ನ್ಯೂಯಾರ್ಕ್ ರಾಜ್ಯದ ಇತಾಕಾ ಊರು, ಗುಡ್ಡದ ಮೇಲೆ ಕಾಲೇಜು. 1904–05ರಲ್ಲಿ ಅಲ್ಲಿ ಓದುತ್ತಿದ್ದ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಜನ ಮರುವರ್ಷ ವಾಪಸ್ ಬರಲೇ ಇಲ್ಲ. ಅವರು ದಡ್ಡರಾಗಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸು, ಯಾವ ಪ್ರೊಫೆಸರಿಗೆ ಏನು ಬೇಕು ಅನ್ನುವ ಗುಟ್ಟು ಇವೆಲ್ಲ ಕೈಯಿಂದ ಕೈಗೆ ದಾಟುತ್ತಿದ್ದದ್ದು ಸದಸ್ಯರು ಒಟ್ಟಿಗಿರುವ ಫ್ರೆಟರ್ನಿಟಿ ಮನೆಗಳ ಒಳಗೆ. ಹೊರಗಿದ್ದವನಿಗೆ ಕೇಳಲು ದಿಕ್ಕಿಲ್ಲ, ಉಳಿಯಲು ಸರಿಯಾದ ಕೋಣೆಯಿಲ್ಲ. ಊರಿನ ಕಪ್ಪು ಕುಟುಂಬಗಳು ಮನೆಯಲ್ಲಿ ಜಾಗ ಕೊಟ್ಟರೆ ಅದೇ ಆಸರೆ. ವಾರಾನ್ನ ಉಂಡು ಓದಿದ ಹಿರಿಯರು ಮನೆಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದವರು ಸೇರಿ ಮೊದಲು ಕಟ್ಟಿಕೊಂಡದ್ದು ಒಂದು ಓದುಗರ ಗುಂಪು. ಇದನ್ನು ಫ್ರೆಟರ್ನಿಟಿ ಮಾಡೋಣವೋ, ಸಾಹಿತ್ಯ ಸಂಘವಾಗಿಯೇ ಇಟ್ಟುಕೊಳ್ಳೋಣವೋ ಅಂತ ಜಗಳ ಬಿತ್ತು. ಮುಂದಾಳಾಗಿದ್ದ ಪಾಯಿಂಡೆಕ್ಸ್‌ಟರ್ ಅವರಿಗೆ ಫ್ರೆಟರ್ನಿಟಿ ಒಪ್ಪಿಗೆಯಾಗದೆ ಹೊರಗುಳಿದರು. ಕಿರಿಯರಲ್ಲಿ ಕೆಲವರು ಕಾಲೇಜಿನ ಖರ್ಚಿಗಾಗಿ ಬಿಳಿಯರ ಫ್ರೆಟರ್ನಿಟಿ ಮನೆಗಳಲ್ಲಿ ಊಟ ಬಡಿಸುತ್ತಿದ್ದವರು. ಟ್ರೇ ಹಿಡಿದು ನಿಂತೇ ಆ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದರಿಂದ ಏನು ದಕ್ಕುತ್ತದೆ ಅನ್ನುವುದನ್ನು ನೋಡಿಕೊಂಡಿದ್ದರು. 1906ರ ಡಿಸೆಂಬರ್ 4ರಂದು ಏಳು ಜನ ನಿರ್ಧಾರ ಮಾಡಿದರು. ಅದೇ ಆಲ್ಫಾ ಫೈ ಆಲ್ಫಾ. ಮರುವರ್ಷವೇ ಯೂಜೀನ್ ಕಿಂಕಲ್ ಜೋನ್ಸ್ ವಾಷಿಂಗ್ಟನ್‌ಗೆ ಹೋಗಿ ಕಪ್ಪು ವಿದ್ಯಾರ್ಥಿಗಳ ಹಾವರ್ಡ್ (ಹಾರ್ವರ್ಡ್ ಅಲ್ಲ) ವಿಶ್ವವಿದ್ಯಾಲಯದಲ್ಲಿ ಎರಡನೆಯ ಚಾಪ್ಟರು ತೆರೆದರು.

ಈ ಏಳು ಹುಡುಗರು ಮುಂದೆ ಏನಾದರು? ಜೋನ್ಸ್ ಅವರು ಕಪ್ಪು ಜನರ ಹಕ್ಕು, ಉದ್ಯೋಗಗಳಿಗಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ವರ್ಟ್ನರ್ ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಮೊದಲ ಕಪ್ಪು ವಾಸ್ತುಶಿಲ್ಪಿ. ಕೂದಲಿನ ಎಣ್ಣೆ, ಮುಲಾಮು ಮಾರಿ ಸಿರಿವಂತೆಯಾದ ಮೇಡಂ ಸಿ.ಜೆ. ವಾಕರ್ ಅವರ ಬಂಗಲೆ ಕಟ್ಟಿದ್ದು ಇವರೇ. ಹೆನ್ರಿ ಕ್ಯಾಲಿಸ್ ವೈದ್ಯರಾದರು.

ನನಗೆ ಇವರೆಲ್ಲರಿಗಿಂತ ಹಿಡಿಸುವುದು ಮೂವತ್ತರ ದಶಕದ ಒಂದು ಮೊಕದ್ದಮೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಾ ಸ್ಕೂಲು ಡೊನಾಲ್ಡ್ ಗೇನ್ಸ್ ಮರ್ರೆ ಅನ್ನುವ ಪದವೀಧರನಿಗೆ ಸೀಟು ಕೊಡಲಿಲ್ಲ. ಕಾರಣ ಅವನ ಬಣ್ಣ. ಕೇಸು ಹಾಕಲು ಮುಂದಾದದ್ದು ಆಲ್ಫಾ ಫೈ ಆಲ್ಫಾ. ಕೋರ್ಟಿನಲ್ಲಿ ನಿಂತವರು ಹಾವರ್ಡ್ ಲಾ ಸ್ಕೂಲಿನ ಗುರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಶಿಷ್ಯ ಥರ್ಗುಡ್ ಮಾರ್ಷಲ್, ಇಬ್ಬರೂ ಇದೇ ಫ್ರೆಟರ್ನಿಟಿಯವರು. ಕಪ್ಪು ವಿದ್ಯಾರ್ಥಿಗಳಿಗೆ ರಾಜ್ಯದಲ್ಲಿ ಬೇರೆ ಲಾ ಸ್ಕೂಲೇ ಇಲ್ಲದಿರುವಾಗ ಬಣ್ಣಭೇದವನ್ನು ಸಮರ್ಥಿಸುತ್ತಿದ್ದ ಅಂದಿನ ಕಾನೂನಿನ ‘ಪ್ರತ್ಯೇಕ, ಆದರೆ ಸಮಾನ’ ಅನ್ನುವ ಮಾತಿಗೆ ಅರ್ಥವೇನು ಎಂಬುದು ಇವರ ವಾದ. 1936ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಮಾರ್ಷಲ್ ಮುಂದೆ 1954ರಲ್ಲಿ ಶಾಲೆಗಳ ಬಣ್ಣಭೇದದ ಕೇಸು ಗೆದ್ದದ್ದು, 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದದ್ದು ನಿಮಗೆ ಗೊತ್ತು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಾಸ್ಟನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, 1952ರಲ್ಲಿ, ಈ ಕೂಟಕ್ಕೆ ಸೇರಿದರು. ವಾಷಿಂಗ್ಟನ್‌ನಲ್ಲಿ ನೀವು ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತೀರಲ್ಲ, ಆ ಕಿಂಗ್ ಸ್ಮಾರಕ ಆಗಬೇಕೆಂದು ಹೊರಟವರೂ ಇವರೇ. 1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಅನುಮತಿ ಸಿಕ್ಕಿತು, 2011ರ ಅಕ್ಟೋಬರಿನಲ್ಲಿ ಲೋಕಾರ್ಪಣೆಯಾಯಿತು. ಹದಿನೈದು ವರ್ಷ ಬೆನ್ನು ಬಿಡಲಿಲ್ಲ.

ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ತೊಂಬತ್ತರ ದಶಕದ ಕೊನೆಗೆ ದಕ್ಷಿಣ ಏಷ್ಯಾ ಮೂಲದ ಹುಡುಗರು ತಮ್ಮದೇ ಕೂಟ ಕಟ್ಟಿಕೊಂಡರು. 1998ರಲ್ಲಿ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಬೀಟಾ ಕೈ ಥೀಟಾ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್, ಎರಡೂ ಕಡೆ ಅರ್ಧಂಬರ್ಧ ಅನ್ನಿಸುವ ಹುಡುಗನಿಗೆ ಅಲ್ಲಿ ವಿವರಣೆ ಕೊಡದೆ ಕೂರಬಹುದು. ಅದು ಸಣ್ಣ ಲಾಭವಲ್ಲ. ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಬರಲು ಮೂಗು ಮುರಿಯುವ ಮಕ್ಕಳು ಅಲ್ಲಿ ದೀಪಾವಳಿಗೆ ರಾತ್ರಿಯಿಡೀ ಕೂತು ವೇದಿಕೆ ಕಟ್ಟುತ್ತಾರೆ. ನಮಗೆ ಹೊಟ್ಟೆಕಿಚ್ಚಾಗುತ್ತದೆ, ಇರಲಿ.

ಆದರೆ ನಮ್ಮವರೇ ಇದ್ದಾರೆ ಅಂತ ನಿಶ್ಚಿಂತೆಯಿಂದ ಇರಬೇಡಿ. 2013ರ ಡಿಸೆಂಬರಿನಲ್ಲಿ ಏಷ್ಯನ್ ಅಮೆರಿಕನ್ನರದೇ ಒಂದು ಫ್ರೆಟರ್ನಿಟಿ ನ್ಯೂಯಾರ್ಕಿನಿಂದ ಹೊಸ ಹುಡುಗರನ್ನು ಪೆನ್ಸಿಲ್ವೇನಿಯಾದ ಬೆಟ್ಟದ ಮನೆಯೊಂದಕ್ಕೆ ಕರೆದೊಯ್ದಿತು. ಮೊದಲ ವರ್ಷದ ಹುಡುಗನೊಬ್ಬನಿಗೆ ಕಣ್ಣು ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಹೆಪ್ಪುಗಟ್ಟಿದ ಅಂಗಳದಲ್ಲಿ ನಡೆಸಿ, ಮೇಲೆ ಬಿದ್ದು ಬಿದ್ದು ಕೆಡವಿದರು. ಅವನಿಗೆ ಪ್ರಜ್ಞೆ ತಪ್ಪಿತು. ‘ಅಣ್ಣಂದಿರು’ ಆಂಬುಲೆನ್ಸ್ ಕರೆಯಲಿಲ್ಲ. ಲಕ್ಷಣಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುತ್ತ ಹೊತ್ತು ಕಳೆದರು. ಹುಡುಗ ಉಳಿಯಲಿಲ್ಲ. ನ್ಯಾಯಾಲಯ ಆ ಸಂಸ್ಥೆಯನ್ನು ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ಹೊರಗಿಟ್ಟಿತು. ನಾವು ರ‍್ಯಾಗಿಂಗ್ ಅನ್ನುತ್ತೇವಲ್ಲ, ಇಲ್ಲಿ ಅದರ ಹೆಸರು ಹೇಜಿಂಗ್. ಅದನ್ನು ಗುಟ್ಟಾಗಿ ಇಟ್ಟುಕೊಳ್ಳುವುದೇ ನಿಷ್ಠೆ ಅಂತ ಹುಡುಗರಿಗೆ ಕಲಿಸಿರುತ್ತಾರೆ.

2024ರ ಡಿಸೆಂಬರಿನಲ್ಲಿ ಇದಕ್ಕೊಂದು ಕೇಂದ್ರ ಕಾನೂನು ಬಂದಿದೆ. ಹೇಜಿಂಗ್ ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿ ಸಂಸ್ಥೆಗಳ ವಿವರವನ್ನು ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಡ್ಯೂಸ್ ಕಟ್ಟುವ ಮೊದಲು ಅದನ್ನು ತೆರೆದು ನೋಡಿ. ಮಗನ ‘ಬಿಗ್ ಬ್ರದರ್’, ಅಂದರೆ ಚಾಪ್ಟರಿನಲ್ಲಿ ಅವನನ್ನು ನೋಡಿಕೊಳ್ಳುವ ಹಿರಿಯ ಹುಡುಗ, ಯಾರು ಅಂತ ಕೇಳಿ, ಆ ಹುಡುಗನನ್ನು ಒಮ್ಮೆ ಊಟಕ್ಕೆ ಕರೆಯಿರಿ. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಜನ ಇನ್ನೂ ಚಾಪ್ಟರಿನಲ್ಲಿದ್ದಾರೆ, ಬಿಟ್ಟವರು ಯಾಕೆ ಬಿಟ್ಟರು ಅಂತ ಅವನ ಹತ್ತಿರವೇ ವಿಚಾರಿಸಿ. ಒಳ್ಳೆಯ ಚಾಪ್ಟರಿನ ಹುಡುಗ ಹೆಸರು ಹಿಡಿದು ಹೇಳುತ್ತಾನೆ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರೋಣ. ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗರೂ ಕೇಳಬಹುದು.