ಬಸ್ ದರ ಯಾರ ಕೈಯಲ್ಲಿದೆ?

ಕೇಳುಗರೇ, ನಮಸ್ಕಾರ.

2026ರ ಜನವರಿ 1. ಮಧ್ಯರಾತ್ರಿ ಆಗಷ್ಟೇ ಕಳೆದಿತ್ತು. ನ್ಯೂಯಾರ್ಕ್ ನಗರದ ನೆಲದಡಿ, ಎಂದೋ ಮುಚ್ಚಿಹೋದ ಒಂದು ಹಳೆಯ ಮೆಟ್ರೋ ನಿಲ್ದಾಣ. ಅಲ್ಲಿ ನಿಂತು ಜೊಹ್ರಾನ್ ಮಮ್ದಾನಿ ಆ ಊರಿನ ಮೇಯರ್ ಆಗಿ ಪ್ರಮಾಣವಚನ ತೆಗೆದುಕೊಂಡರು. ವಯಸ್ಸು 34. ಚುನಾವಣೆಯ ಉದ್ದಕ್ಕೂ ಅವರು ಕೊಟ್ಟ ಮಾತುಗಳಲ್ಲಿ ಜನರ ಬಾಯಲ್ಲಿ ಜಾಸ್ತಿ ಓಡಾಡಿದ್ದು ಬಸ್ಸಿನ ಮಾತು. ಸಿಟಿ ಬಸ್ಸಿಗೆ ಟಿಕೆಟ್ಟೇ ಬೇಡ ಎಂದಿದ್ದರು. ಪ್ರಮಾಣವಚನ ಆಗಿ ಮೂರೇ ದಿನ. ಜನವರಿ 4ರಂದು ಅದೇ ಬಸ್ಸಿನ ದರ 2 ಡಾಲರ್ 90 ಸೆಂಟ್‌ನಿಂದ 3 ಡಾಲರಿಗೆ ಏರಿತು.

ಇದೇನಪ್ಪಾ ಮೋಸ ಅನ್ನಿಸುತ್ತದೆ ಅಲ್ವಾ? ದರ ಏರಿಸಿದ್ದು ಮೇಯರ್ ಅಲ್ಲ. ಅಲ್ಲಿ ಬಸ್ಸನ್ನೂ ಮೆಟ್ರೋವನ್ನೂ ನಡೆಸುವುದು ಎಂಟಿಎ ಎಂಬ ಸಂಸ್ಥೆ. ಅದು ನ್ಯೂಯಾರ್ಕ್ ರಾಜ್ಯಕ್ಕೆ ಸೇರಿದ್ದು, ನಗರಕ್ಕಲ್ಲ. ಅದರ ಮೇಲೆ ಹಿಡಿತ ಇರುವುದು ಗವರ್ನರ್ ಅವರಿಗೆ. ಅಲ್ಲಿಯ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸಿದವರು. ದರ ಏರಿಸುವ ತೀರ್ಮಾನ ಹಿಂದಿನ ಸೆಪ್ಟೆಂಬರ್‌ನಲ್ಲೇ ಆಗಿಹೋಗಿತ್ತು.

ಆ ಚುನಾವಣೆಯನ್ನು ನಾನು ದೂರದಿಂದಲೇ ತುಂಬಾ ಆಸೆಯಿಂದ ನೋಡಿದವನು. ನನ್ನನ್ನು ಹಿಡಿದು ಕೂರಿಸಿದ್ದು ಇದೇ ಪ್ರಶ್ನೆ. ಮೇಯರ್ ಆಗುವೆ ಅನ್ನುವವರು ಏನು ಬೇಕಾದರೂ ಮಾತು ಕೊಡಬಹುದು. ಆ ಮಾತು ನಡೆಸಿಕೊಡುವ ಬೀಗದ ಕೈ ಯಾರ ಸೊಂಟದಲ್ಲಿದೆ?

ಕಣದಲ್ಲಿ ಕೊನೆಗೆ ಉಳಿದವರು ಮೂವರು. ಮಮ್ದಾನಿ ಡೆಮಾಕ್ರಟಿಕ್ ಪಕ್ಷದವರು. ಆಂಡ್ರೂ ಕುಮೊ 2011ರಿಂದ 2021ರವರೆಗೆ ಗವರ್ನರ್ ಆಗಿದ್ದವರು, ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟವರು. ಆರೋಪಗಳನ್ನು ಅವರು ಒಪ್ಪಿಲ್ಲ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲಿ ಮಮ್ದಾನಿಗೆ ಸೋತು, ಆಮೇಲೆ ಸ್ವತಂತ್ರವಾಗಿ ನಿಂತರು. ಮೂರನೆಯವರು ರಿಪಬ್ಲಿಕನ್ ಪಕ್ಷದ ಕರ್ಟಿಸ್ ಸ್ಲಿವಾ. ಕೆಂಪು ಟೋಪಿಯ ಕಾವಲು ಪಡೆ ಕಟ್ಟಿ 1979ರಿಂದ ಹೆಸರಾದವರು. ಆಗ ಮೇಯರ್ ಆಗಿದ್ದ ಎರಿಕ್ ಆಡಮ್ಸ್ ಸೆಪ್ಟೆಂಬರ್‌ನಲ್ಲೇ ಹಿಂದೆ ಸರಿದರು.

ಬಿಸಿ ಬಿಸಿ ಚರ್ಚೆ ನಡೆದದ್ದು ಬಾಡಿಗೆಯ ಮೇಲೆ. ಬೆಂಗಳೂರಿನಲ್ಲಿ 11 ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿ, ವರ್ಷ ತುಂಬುವ ಮೊದಲೇ ಓನರ್ ಎಷ್ಟು ಏರಿಸುತ್ತಾರೋ ಅಂತ ಎದೆ ಹಿಡಿದುಕೊಂಡು ಕೂತವರಿಗೆ ಇದು ಬೇಗ ಅರ್ಥವಾಗುತ್ತದೆ. ನ್ಯೂಯಾರ್ಕಿನಲ್ಲಿ ಸುಮಾರು 10 ಲಕ್ಷ ಮನೆಗಳ ಬಾಡಿಗೆಯನ್ನು ಮಾಲೀಕರು ಮನಸ್ಸಿಗೆ ಬಂದಂತೆ ಏರಿಸುವ ಹಾಗಿಲ್ಲ. ಎಷ್ಟು ಏರಿಸಬಹುದು ಅಂತ ಪ್ರತಿ ವರ್ಷ ಒಂದು ಮಂಡಳಿ ಹೇಳುತ್ತದೆ. ಮಂಡಳಿಯಲ್ಲಿ 9 ಜನ. ಒಂಬತ್ತೂ ಜನರನ್ನು ನೇಮಿಸುವವರು ಮೇಯರ್. ಬಾಡಿಗೆ ಒಂದು ಪೈಸೆಯೂ ಏರದಂತೆ ತಡೆಯುತ್ತೇನೆ ಎಂದರು ಮಮ್ದಾನಿ. ಇದು ಆಗದ ಮಾತೇನಲ್ಲ. ಬಿಲ್ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ ಮೂರು ಸಲ ಹಾಗೆ ಆಗಿತ್ತು. ಆಡಮ್ಸ್ ಅವರ ನಾಲ್ಕು ವರ್ಷಗಳಲ್ಲಿ ಮಾತ್ರ ಎಲ್ಲ ಸೇರಿ ಸುಮಾರು ಶೇ. 12ರಷ್ಟು ಏರಿತ್ತು.

ಎದುರಾಳಿಗಳ ವಾದವೂ ಸುಮ್ನೆ ಅಲ್ಲ. ಈ ಕಟ್ಟಡಗಳಲ್ಲಿ ಎಷ್ಟೋ ತೀರಾ ಹಳೆಯವು. ರಿಪೇರಿ, ವಿಮೆ, ತೆರಿಗೆ ಎಲ್ಲ ಏರುತ್ತಿರುವಾಗ ಬಾಡಿಗೆ ಮಾತ್ರ ನಿಂತರೆ ಸೋರುವ ಮನೆಯನ್ನು ಯಾರು ಸರಿ ಮಾಡಿಸುತ್ತಾರೆ? ಮಾಲೀಕರು ಬೀಗ ಹಾಕಿ ಖಾಲಿ ಬಿಡುತ್ತಾರೆ ಎಂದರು. ಇರುವವರ ಬಾಡಿಗೆ ತಡೆದರೆ ಸಾಲದು, ಹೊಸ ಮನೆ ಕಟ್ಟಬೇಕು, 10 ವರ್ಷದಲ್ಲಿ 5 ಲಕ್ಷ ಮನೆ ಎಂದರು ಕುಮೊ. ನನಗೆ ಈ ಎರಡೂ ಮಾತು ಒಟ್ಟಿಗೆ ಬೇಕು ಅನಿಸುತ್ತದೆ. ಈ ತಿಂಗಳು ಬಾಡಿಗೆ ಕಟ್ಟಲಾಗದವರಿಗೆ ಹತ್ತು ವರ್ಷದಲ್ಲಿ ಕಟ್ಟುವ ಮನೆ ಉತ್ತರವಲ್ಲ. ಹಾಗಂತ ಮನೆಗಳೇ ಕಡಿಮೆ ಇರುವ ಊರಿನಲ್ಲಿ ಬಾಡಿಗೆ ತಡೆಯುವುದೊಂದೇ ಸಾಕಾಗುವುದಿಲ್ಲ.

ಪೊಲೀಸರ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕುಮೊ 5,000 ಪೊಲೀಸರನ್ನು ಹೊಸದಾಗಿ ಸೇರಿಸುವೆ ಎಂದರು. ಮಮ್ದಾನಿ ಇರುವ ಸಂಖ್ಯೆ ಇರಲಿ ಎಂದರು. ಮನಸ್ಸಿನ ಕಾಯಿಲೆಯಿಂದ ನರಳುವವರ ಹತ್ತಿರ ಲಾಠಿಗೆ ಬದಲು ತರಬೇತಾದವರನ್ನು ಕಳಿಸಲು ಬೇರೆಯೇ ಇಲಾಖೆ ಬೇಕು ಎನ್ನುವುದು ಅವರ ಯೋಚನೆ.

ಮತ್ತೆ ಬಸ್ಸಿಗೆ ಬರೋಣ. 2023ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಅಲ್ಲಿ ಐದು ಮಾರ್ಗಗಳಲ್ಲಿ ಬಸ್ಸನ್ನು ಉಚಿತ ಮಾಡಿ ನೋಡಿದ್ದರು. ಹತ್ತುವವರು ಹೆಚ್ಚಾದರು. ಚಾಲಕರ ಮೇಲಿನ ಹಲ್ಲೆ ಕಡಿಮೆಯಾಯಿತು. ಬಸ್ಸಿನ ವೇಗ ಮಾತ್ರ ಹೆಚ್ಚಲಿಲ್ಲ. ಇಡೀ ಊರಿಗೆ ಹೀಗೆ ಮಾಡಬೇಕಾದರೆ ದುಡ್ಡು ಬೇಕು. ವರ್ಷಕ್ಕೆ 10 ಲಕ್ಷ ಡಾಲರ್ ಮೀರಿ ಗಳಿಸುವವರಿಗೆ ಶೇ. 2ರಷ್ಟು ಹೆಚ್ಚಿನ ತೆರಿಗೆ ಹಾಕೋಣ ಎಂದರು ಮಮ್ದಾನಿ. ಆ ತೆರಿಗೆಗೂ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು. ಗವರ್ನರ್ ಕ್ಯಾಥಿ ಹೋಕಲ್ ಚುನಾವಣೆಯಲ್ಲಿ ಅವರಿಗೇ ಬೆಂಬಲ ಕೊಟ್ಟರು, ತೆರಿಗೆಗೆ ಮಾತ್ರ ಬೇಡ ಎಂದರು.

ನಮ್ಮಲ್ಲಿಯ ಶಕ್ತಿ ಯೋಜನೆ ನೆನಪು ಮಾಡಿಕೊಳ್ಳಿ. 2023ರ ಮೇ 20ರಂದು ಸರ್ಕಾರ ಬಂತು. ಜೂನ್ 11ಕ್ಕೆ ಹೆಂಗಸರು ಟಿಕೆಟ್ ದುಡ್ಡಿಲ್ಲದೆ ಬಸ್ ಹತ್ತಿದರು. ಸಾರಿಗೆ ನಿಗಮವೂ ಖಜಾನೆಯೂ ಒಂದೇ ಕೈಯಲ್ಲಿದ್ದವು. ಮೂರೇ ವಾರ ಸಾಕಾಯಿತು.

ನನಗೆ ತುಂಬಾ ಇಷ್ಟವಾದ ಇನ್ನೊಂದು ಸಂಗತಿ ಹೇಳಬೇಕು. ಪಕ್ಷದೊಳಗಿನ ಆ ಚುನಾವಣೆಯಲ್ಲಿ ಮತದಾರರು ಐದು ಜನರವರೆಗೆ ಒಂದು, ಎರಡು, ಮೂರು ಅಂತ ಕ್ರಮವಾಗಿ ಗುರುತು ಹಾಕಬಹುದು. ಮೊದಲನೆಯವರು ಎಣಿಕೆಯಲ್ಲಿ ಹೊರಬಿದ್ದರೆ ನಿಮ್ಮ ಮತ ಎರಡನೆಯವರಿಗೆ ಹೋಗುತ್ತದೆ. ಇದನ್ನು ಹಿಂದಿ, ಉರ್ದು ಬಲ್ಲವರಿಗೆ ತಿಳಿಸಲು ಮಮ್ದಾನಿ ಒಂದು ವಿಡಿಯೋದಲ್ಲಿ ಮಾವಿನ ಲಸ್ಸಿಯ ಲೋಟಗಳನ್ನೇ ಇಟ್ಟು ತೋರಿಸಿದರು. ಈ ಪದ್ಧತಿಯಿಂದ ಎದುರಾಳಿಗಳ ನಾಲಿಗೆಯೂ ಮೆತ್ತಗಾಗುತ್ತದೆ. ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಇಬ್ಬರೂ ಸ್ಪರ್ಧಿಗಳೇ. ಆದರೂ ನನ್ನ ಬೆಂಬಲಿಗರು ಎರಡನೆಯ ಗುರುತು ಇವರಿಗೆ ಹಾಕಲಿ ಅಂತ ಒಬ್ಬರ ಪರ ಒಬ್ಬರು ಕೇಳಿಕೊಂಡರು. ಮಮ್ದಾನಿ ಕೊನೆಯ ಸುತ್ತಿನಲ್ಲಿ ಶೇ. 56ರಷ್ಟು ಮತ ಪಡೆದರು. ನವೆಂಬರ್ 4ರ ಮುಖ್ಯ ಚುನಾವಣೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. 1969ರ ನಂತರ ಅಲ್ಲಿ ಅಷ್ಟು ಜನ ಬಂದಿರಲಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಬೆಂಗಳೂರಿನ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಆರಿಸಿದ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಊರು ಅಧಿಕಾರಿಗಳ ಕೈಯಲ್ಲೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ನಮ್ಮ ಮೇಯರನ್ನು ನಾವು ನೇರವಾಗಿ ಆರಿಸುವುದಿಲ್ಲ, ಕಾರ್ಪೊರೇಟರುಗಳು ಆರಿಸುತ್ತಾರೆ. ಪೊಲೀಸರು ರಾಜ್ಯದವರು. ನೀರು ಜಲಮಂಡಳಿಯದು. 2025ರ ಜನವರಿ 5ರಂದು ಬಿಎಂಟಿಸಿ ದರ ಶೇ. 15ರಷ್ಟು ಏರಿದಾಗ ಅದನ್ನು ಒಪ್ಪಿದ್ದು ರಾಜ್ಯದ ಸಚಿವ ಸಂಪುಟ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಬೇಕೋ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ವಾರ್ಡಿಗೆ ಮತ ಕೇಳಲು ಯಾರು ಬಂದರೂ ಕೂರಿಸಿ ಕಾಫಿ ಕೊಡುತ್ತೇನೆ. ಕಸ, ಚರಂಡಿ, ಬೀದಿದೀಪ, ಬಸ್ಸು, ನೀರು, ಈ ಐದನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ. ಇವುಗಳಲ್ಲಿ ಯಾವುದು ನಿಮ್ಮ ಕೈಯಲ್ಲಿದೆ, ಯಾವುದಕ್ಕೆ ನೀವು ವಿಧಾನಸೌಧದ ಮೆಟ್ಟಿಲು ಹತ್ತಬೇಕು, ಒಂದೊಂದಕ್ಕೂ ಗುರುತು ಹಾಕಿ ಕೊಡಿ ಸ್ವಾಮಿ ಅಂತ ಕೇಳುವವನಿದ್ದೇನೆ.

ನಮಸ್ಕಾರ.