ಕ್ಲೌಡಿಗೆ ಹತ್ತೋಕೆ ಮುಂಚೆ ಬೀಗ

ನಮಸ್ಕಾರ ಕೇಳುಗರೇ. ಇವತ್ತು ನಾನು ಹೇಳೋದು ಒಂದೇ ಮಾತು, ಫೈಲು ಕ್ಲೌಡಿಗೆ, ಅಂದ್ರೆ ಇಂಟರ್ನೆಟ್ಟಲ್ಲಿ ಬೇರೆ ಕಂಪನಿಯವರ ಕಂಪ್ಯೂಟರಿಗೆ, ಹೋಗೋಕೆ ಮುಂಚೆ ನಿಮ್ಮ ಕಂಪ್ಯೂಟರಲ್ಲೇ ಅದಕ್ಕೆ ಬೀಗ ಬೀಳಬೇಕು, ಬೀಗ ಅಂದ್ರೆ ಪಾಸ್‌ವರ್ಡ್ ಇಲ್ದೆ ಯಾರೂ ಓದೋಕಾಗದ ಹಾಗೆ ಎನ್‌ಕ್ರಿಪ್ಟ್ ಮಾಡೋದು, ಬೀಗದಕೈ ನಿಮ್ಮ ಹತ್ರಾನೇ ಇರಬೇಕು.

"ಕ್ಲೌಡಿನವರೇ ಎನ್‌ಕ್ರಿಪ್ಟ್ ಮಾಡಿ ಇಡ್ತಾರಂತಲ್ಲ ಸಾರ್" ಅಂತ ತುಂಬಾ ಜನ ಕೇಳ್ತಾರೆ. ಇಡ್ತಾರೆ, ಆದ್ರೆ ಸಾಮಾನ್ಯವಾಗಿ ಬೀಗದಕೈಯೂ ಅವರ ಹತ್ರಾನೇ ಇರುತ್ತೆ. 2011ರ ಜೂನಲ್ಲಿ ಡ್ರಾಪ್‌ಬಾಕ್ಸ್ ಅನ್ನೋ ಕ್ಲೌಡಲ್ಲಿ ಒಂದು ಅಪ್‌ಡೇಟ್ ತಪ್ಪಾಗಿ ಸುಮಾರು ನಾಲ್ಕು ಗಂಟೆ ಹೊತ್ತು ಯಾವ ಪಾಸ್‌ವರ್ಡ್ ಕೊಟ್ರೂ ಲಾಗಿನ್ ಆಗ್ತಿತ್ತು, ಮನೆ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಡಾಕ್ಟ್ರ ರಿಪೋರ್ಟ್ ಎಲ್ಲಾ ಅಲ್ಲಿಟ್ಟೋರು ಸ್ವಲ್ಪ ಯೋಚನೆ ಮಾಡಿ. ಮೊದಲೇ ಬೀಗ ಹಾಕಿ ಕಳಿಸಿದ್ದ ಫೈಲನ್ನ ಯಾರು ಇಳಿಸಿಕೊಂಡಿದ್ರೂ ಅದರಲ್ಲಿ ಓದೋಕೆ ಏನೂ ಸಿಗ್ತಿರಲಿಲ್ಲ.

ಹಂಗಂತ ಯಾವ ಬೀಗ ಆದ್ರೂ ನಡೆಯುತ್ತೆ ಅನ್ಕೋಬೇಡಿ, ಇದನ್ನ ನಾನು ಅನುಭವಿಸಿ ಕಲ್ತಿದ್ದು. ವೆರಾಕ್ರಿಪ್ಟ್ ಅಂತ ಒಂದು ಸಾಫ್ಟ್‌ವೇರ್ ಇದೆ, ಒಳ್ಳೇದೇ, ಅದರಲ್ಲಿ ಎಲ್ಲಾ ಫೈಲೂ ಒಂದೇ ದೊಡ್ಡ ಪೆಟ್ಟಿಗೆಯೊಳಗೆ ಕೂರುತ್ತೆ. ನಾನು 2 ಜಿಬಿ ಪೆಟ್ಟಿಗೆ ಮಾಡಿ ಸಿಂಕ್ ಆಗೋ, ಅಂದ್ರೆ ತಾನಾಗೇ ಕ್ಲೌಡಿಗೆ ನಕಲಾಗೋ ಫೋಲ್ಡರಲ್ಲಿ ಇಟ್ಟೆ, ದಿನಾ ತೆರೆದು ಕೆಲಸ ಮಾಡಿ ಮುಚ್ಚೋದು, ಪಕ್ಕದಲ್ಲಿ ಎಲ್ಲಾ ಕ್ಲೌಡಿಗೆ ಹೋಗಿದೆ ಅನ್ನೋ ಹಸಿರು ಟಿಕ್ ಕಾಣ್ತಾನೇ ಇತ್ತು. ಮೂರು ವಾರ ಆದ್ಮೇಲೆ ಲ್ಯಾಪ್‌ಟಾಪ್ ಡಿಸ್ಕ್ ಕೆಟ್ಟೋಯ್ತು. ಗಾಬರಿ ಆಗಲಿಲ್ಲ, ಬೇರೆ ಕಂಪ್ಯೂಟರಿಗೆ ಪೆಟ್ಟಿಗೆ ಇಳಿಸಿ ಪಾಸ್‌ವರ್ಡ್ ಹೊಡೆದೆ, ತೆರೀತು, ಒಳಗಡೆ ನೋಡಿದ್ರೆ ಮೊದಲ ದಿನ ಇಟ್ಟಿದ್ದು ಮಾತ್ರ ಇದೆ, ಆಮೇಲೆ ಬರೆದ ಒಂದು ಸಾಲೂ ಇಲ್ಲ! ಕಾರಣ ಏನಪ್ಪಾ ಅಂದ್ರೆ, ಒಳಗೆ ಏನೇ ಬದಲಾದ್ರೂ ವೆರಾಕ್ರಿಪ್ಟ್ ಪೆಟ್ಟಿಗೆ ಮೇಲಿನ ತಾರೀಖನ್ನ ಹಳೇದೇ ಉಳಿಸುತ್ತೆ, ನೀವು ಯಾವಾಗ ಬಳಸಿದ್ರಿ ಅಂತ ಯಾರಿಗೂ ಗೊತ್ತಾಗಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ, ಪೆಟ್ಟಿಗೆ ಸೈಜೂ ಅಷ್ಟೇ ಇರುತ್ತೆ. ನನ್ನ ಸಿಂಕ್ ಸಾಫ್ಟ್‌ವೇರ್ ನೋಡ್ತಿದ್ದಿದ್ದೇ ತಾರೀಖು ಮತ್ತೆ ಸೈಜು, ಎರಡೂ ಬದಲಾಗಿಲ್ಲ ಅಂದ್ಮೇಲೆ ಅದು ಏನನ್ನ ಕಳಿಸುತ್ತೆ? ವೆರಾಕ್ರಿಪ್ಟ್ ಪ್ರಿಫರೆನ್ಸಸಲ್ಲಿ "ಪ್ರಿಸರ್ವ್ ಮಾಡಿಫಿಕೇಶನ್ ಟೈಮ್‌ಸ್ಟ್ಯಾಂಪ್" ಅಂತ ಇರೋ ಟಿಕ್ ತೆಗೆದ್ರೆ ಇದು ಸರಿಹೋಗುತ್ತೆ. ಆದ್ರೂ ಅದೇ ಪೆಟ್ಟಿಗೇನ ಎರಡು ಕಂಪ್ಯೂಟರಲ್ಲಿ ಒಟ್ಟಿಗೆ ತೆರೆದ್ರೆ ಎರಡು ಬೇರೆ ಬೇರೆ ಪ್ರತಿ ಆಗಿಬಿಡುತ್ತೆ, ಅವನ್ನ ಕೂಡಿಸೋಕೆ ಆಗಲ್ಲ.

ಟೈಮ್ ಆಗ್ತಾ ಬಂತು, ಬೇಗ ಹೇಳ್ತೀನಿ. ಸಿಂಕ್‌ಗೆ ಅಂತಾನೇ ಮಾಡಿರೋದು ಕ್ರಿಪ್ಟೋಮೇಟರ್, ಅದು ಒಂದೊಂದು ಫೈಲಿಗೂ ಬೇರೆ ಬೇರೆಯಾಗಿ ಬೀಗ ಹಾಕುತ್ತೆ, ಫೈಲಿನ ಹೆಸರನ್ನೂ ಮುಚ್ಚುತ್ತೆ, ಬದಲಾದ ಫೈಲಷ್ಟೇ ಕ್ಲೌಡಿಗೆ ಹೋಗುತ್ತೆ. ಅದರ ವಾಲ್ಟನ್ನ, ಅಂದ್ರೆ ಬೀಗ ಹಾಕಿದ ಫೈಲುಗಳು ಇರೋ ಫೋಲ್ಡರನ್ನ, ಪಾಸ್‌ವರ್ಡ್ ಕೊಟ್ಟು ತೆರೆದಾಗ ಪೆನ್‌ಡ್ರೈವ್ ಹಾಕಿದಂಗೆ ಹೊಸ ಡ್ರೈವ್ ಕಾಣುತ್ತೆ, ನಿಮ್ಮ ಫೈಲನ್ನ ಆ ಡ್ರೈವೊಳಗೇ ಹಾಕಬೇಕು. ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ, ಎಷ್ಟು ಸಲ ಹೇಳಿದ್ರೂ ಇಲ್ಲೇ ಎಡವ್ತಾರೆ, ಕ್ಲೌಡ್ ಫೋಲ್ಡರಲ್ಲಿ ಕಾಣೋ ವಾಲ್ಟ್ ಫೋಲ್ಡರಿಗೇ ಫೈಲನ್ನ ನೇರವಾಗಿ ಎಳೆದು ಬಿಟ್ರೆ ಅದು ಬೀಗ ಇಲ್ದೇನೇ ಹೋಗುತ್ತೆ. ಮೊದಲು ಬೀಗ, ಆಮೇಲೆ ಕ್ಲೌಡು. ಈಗಾಗ್ಲೇ ಬೀಗ ಇಲ್ದೆ ಹೋಗಿರೋ ಹಳೇ ಫೈಲುಗಳನ್ನ ಡಿಲೀಟ್ ಮಾಡಿದ್ಮೇಲೆ ಕ್ಲೌಡಿನ ಟ್ರ್ಯಾಶನ್ನೂ ಖಾಲಿ ಮಾಡಿ.

ಇನ್ನು ಪಾಸ್‌ವರ್ಡ್ ಮರೆತ್ರೆ "ಫರ್ಗಾಟ್ ಪಾಸ್‌ವರ್ಡ್" ಒತ್ತಿ ಮೇಲ್ ತರಿಸ್ಕೊಳ್ಳೋಕೆ ಇಲ್ಲಿ ಆಗಲ್ಲ, ಬೀಗದಕೈ ಬೇರೆ ಯಾರ ಹತ್ರಾನೂ ಇಲ್ವಲ್ಲ. ವಾಲ್ಟ್ ಮಾಡುವಾಗ ರಿಕವರಿ ಕೀ, ಅಂದ್ರೆ ಪಾಸ್‌ವರ್ಡ್ ಮರೆತಾಗ ಬಳಸೋ ಇನ್ನೊಂದು ಬೀಗದಕೈ, ಬೇಕಾ ಅಂತ ಕೇಳುತ್ತೆ, ಬೇಕು ಅನ್ನಿ. ಅದು ತೋರಿಸೋ ಪದಗಳ ಉದ್ದ ಪಟ್ಟೀನ ಫೋಟೋ ಹೊಡೀಬೇಡಿ, ಆ ಫೋಟೋನೂ ಕ್ಲೌಡಿಗೇ ಹೋಗಿ ಕೂರುತ್ತೆ. ಕಾಗದದ ಮೇಲೆ ಬರೆದು ಬೀರುವಲ್ಲಿಡಿ, ಎಲ್ಲಿಟ್ಟಿದ್ದೀರಿ ಅಂತ ಮನೇಲಿ ನಂಬಿಕಸ್ಥರು ಒಬ್ಬರಿಗೆ ಹೇಳಿರಿ. ನಮಸ್ಕಾರ.