ಜುಟ್ಟಿಗೆ ಮಲ್ಲಿಗೆ, ಕಾಲಿಗೆ ಬಿಳಿ ಸ್ಕೇಟ್

[ತೆರೆಯ ಮೇಲೆ: ಒಂದು ಜೊತೆ ಬಿಳಿ ಸ್ಕೇಟ್, ಪಕ್ಕದಲ್ಲಿ ಬಣ್ಣದ ಡಬ್ಬಿ]

ಈ ಸ್ಕೇಟ್ ನೋಡಿ. ಐಸ್ ಹಾಕಿಯಲ್ಲಿ ಆಗ ಸಾಮಾನ್ಯವಾಗಿ ಎಲ್ಲರ ಕಾಲಲ್ಲೂ ಕಪ್ಪು ಸ್ಕೇಟ್. 70ರ ದಶಕದ ಶುರುವಿನಲ್ಲಿ ಒಂದು ತಂಡ ಮಾತ್ರ ಬಿಳಿ ಹಾಕಿಕೊಂಡು ಇಳಿಯಿತು. ಪಕ್ ಅನ್ನೋದು ಗಟ್ಟಿ ಕಪ್ಪು ರಬ್ಬರಿನ ಬಿಲ್ಲೆ. ಬಡಿದಲ್ಲೆಲ್ಲ ಕಲೆ. ಹಾಗಾಗಿ ಪಂದ್ಯ ಮುಗಿದ ಮೇಲೆ ಸಿಬ್ಬಂದಿ ಕೂತು ಮತ್ತೆ ಬಿಳಿ ಬಳಿಯಬೇಕು. ಬಣ್ಣದ ಮೇಲೆ ಬಣ್ಣ. ಸೀಸನ್ ಸಾಗಿದ ಹಾಗೆ ಸ್ಕೇಟ್ ಭಾರವಾಯಿತು ಅಂತ ಆಟಗಾರರ ಗೊಣಗಾಟ.

ತಂಡದ ಹೆಸರು ಕ್ಯಾಲಿಫೋರ್ನಿಯಾ ಗೋಲ್ಡನ್ ಸೀಲ್ಸ್. ಈಗ ಇಲ್ಲ.

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ, ಅಲ್ವಾ? ಇದು ಆ ಹಾಕಿ ಅಲ್ಲ. ಇದು ಎನ್‌ಎಚ್‌ಎಲ್, ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್. 1967ರಲ್ಲಿ ಇದು 6 ತಂಡದಿಂದ ಒಂದೇ ಸಲ 12ಕ್ಕೆ ಹಾರಿತು. ಹೊಸಬರಲ್ಲಿ ಸೀಲ್ಸ್ ಕೂಡ ಒಂದು. ಸ್ಯಾನ್ ಫ್ರಾನ್ಸಿಸ್ಕೋದ ಅಂಚಿನಲ್ಲಿ ಕೌ ಪ್ಯಾಲೇಸ್ ಅಂತ ಒಂದು ಹಳೇ ಕಟ್ಟಡ ಇತ್ತು. ದನದ ಪ್ರದರ್ಶನಕ್ಕೆ ಅಂತ ಕಟ್ಟಿದ್ದು, ಹೆಸರೇ ಹೇಳುತ್ತದಲ್ಲ. ಎನ್‌ಎಚ್‌ಎಲ್‌ಗೆ ಅದು ಹಿಡಿಸಲಿಲ್ಲ. ತಂಡ ಕೊಲ್ಲಿ ದಾಟಿ ಓಕ್ಲೆಂಡ್‌ಗೆ ಹೋಯಿತು. ಸೇತುವೆ ದಾಟಿ ಪಂದ್ಯ ನೋಡೋಕೆ ಜನ ಬರಲಿಲ್ಲ. ಕೌ ಪ್ಯಾಲೇಸ್ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

1970ರಲ್ಲಿ ಚಾರ್ಲಿ ಫಿನ್ಲೀ ತಂಡ ಕೊಂಡರು. ಇನ್ಶೂರೆನ್ಸ್‌ನಲ್ಲಿ ದುಡ್ಡು ಮಾಡಿದವರು. ಅವರ ಬೇಸ್‌ಬಾಲ್ ತಂಡ ಓಕ್ಲೆಂಡ್ ಎ'ಸ್ ಬಿಳಿ ಶೂ ಹಾಕುತ್ತಿತ್ತು. 1972, 73, 74, ಸಾಲಾಗಿ ಮೂರು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್, ಗೆದ್ದಿತು ಕೂಡ. ಗೆಲ್ಲುವವರಿಗೆ ಬಿಳಿ ಶೂ ಒಪ್ಪುತ್ತದೆ. ಸೀಲ್ಸ್ ಕಥೆ ಬೇರೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

[ತೆರೆಯ ಮೇಲೆ: 1970–71. ಪಂದ್ಯ 78, ಸೋಲು 53]

ಕೊನೇ ಸ್ಥಾನ. ಪರವಾಗಿಲ್ಲ ಬಿಡಿ, ಕೊನೆಗೆ ಬಂದವರಿಗೆ ಆಗ ಒಂದು ಸಮಾಧಾನ ಇರುತ್ತಿತ್ತು. ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ಆರಿಸುವಾಗ, ಮೊದಲ ಸರದಿ ಅವರದೇ. ಆದರೆ ಸೀಲ್ಸ್ ಆ ಸರದಿಯನ್ನು 1970ರ ಮೇ ತಿಂಗಳಲ್ಲೇ ಮಾಂಟ್ರಿಯಲ್ ಕನೇಡಿಯನ್ಸ್‌ಗೆ ಕೊಟ್ಟಾಗಿತ್ತು! ಫಿನ್ಲೀ ಆಗಿನ್ನೂ ಬಂದಿರಲಿಲ್ಲ, ಹಾಗಾಗಿ ಇದೊಂದನ್ನು ಅವರ ತಲೆಗೆ ಕಟ್ಟುವ ಹಾಗಿಲ್ಲ.

ಮಾಂಟ್ರಿಯಲ್‌ನ ಮ್ಯಾನೇಜರ್ ಸ್ಯಾಮ್ ಪೊಲಾಕ್ ಪಕ್ಕಾ ಆಸಾಮಿ. ಆ ಸೀಸನ್ ನಡುವೆ ಲಾಸ್ ಏಂಜಲೀಸ್ ಕಿಂಗ್ಸ್ ಕೂಡ ಒದ್ದಾಡುತ್ತಿತ್ತು. ಪೊಲಾಕ್ ತಮ್ಮ ಅನುಭವಿ ಆಟಗಾರ ರಾಲ್ಫ್ ಬ್ಯಾಕ್‌ಸ್ಟ್ರಾಮ್‌ರನ್ನು ಅಲ್ಲಿಗೆ ಕಳಿಸಿದರು. ಕಿಂಗ್ಸ್ ಚೇತರಿಸಿಕೊಳ್ಳಲಿ, ಸೀಲ್ಸ್ ತಳದಲ್ಲೇ ಇರಲಿ ಅನ್ನೋದೇ ಲೆಕ್ಕ ಅಂತ ಹಾಕಿ ಲೋಕ ಇವತ್ತಿಗೂ ಹೇಳುತ್ತದೆ. ಲೆಕ್ಕ ಇತ್ತೋ ಇಲ್ಲವೋ, ಆಗಿದ್ದು ಅದೇ. ಮೊದಲ ಸರದಿಯಲ್ಲಿ ಮಾಂಟ್ರಿಯಲ್‌ಗೆ ಸಿಕ್ಕ ಹುಡುಗ ಗೀ ಲಾಫ್ಲರ್. ಮುಂದೆ ಸತತ 6 ಸೀಸನ್ 50 ಅಥವಾ ಜಾಸ್ತಿ ಗೋಲು, 5 ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್‌ನ ಚಾಂಪಿಯನ್ ಪಟ್ಟ. ಸೀಲ್ಸ್ ಸೋತ ಒಂದೊಂದು ಪಂದ್ಯವೂ ಮಾಂಟ್ರಿಯಲ್ ಖಾತೆಗೆ ಜಮಾ.

ಬರಗಾಲದಲ್ಲಿ ಅಧಿಕ ಮಾಸ ಅನ್ನೋ ಹಾಗೆ, 1972ರಲ್ಲಿ ಡಬ್ಲ್ಯೂಎಚ್‌ಎ ಅಂತ ಎದುರಾಳಿ ಲೀಗ್ ಬಂತು. ಜಾಸ್ತಿ ಸಂಬಳದ ಆಸೆ ತೋರಿಸಿತು. ಫಿನ್ಲೀ ಅಷ್ಟು ಕೊಡಲು ಒಪ್ಪಲಿಲ್ಲ, ಆಟಗಾರರು ಸಾಲಾಗಿ ಹೊರಟರು. 1973–74ರಲ್ಲಿ 78ರಲ್ಲಿ 13 ಗೆಲುವು. ಆ ಸೀಸನ್ ನಡುವೆಯೇ ಫಿನ್ಲೀ ಕೈ ತೊಳೆದುಕೊಂಡರು. ಕೊಂಡದ್ದು ಸ್ವತಃ ಎನ್‌ಎಚ್‌ಎಲ್!

[ತೆರೆಯ ಮೇಲೆ: ಹೊಲಗಳ ನಡುವೆ ಒಂಟಿಯಾಗಿ ನಿಂತ ಭಾರಿ ಕ್ರೀಡಾಂಗಣ]

1976ರಲ್ಲಿ ತಂಡ ಓಹಾಯೋಗೆ ಬಂದು ಕ್ಲೀವ್ಲೆಂಡ್ ಬ್ಯಾರನ್ಸ್ ಆಯಿತು. ಕ್ರೀಡಾಂಗಣ ಇದ್ದದ್ದು ಊರಾಚೆ, ರಿಚ್‌ಫೀಲ್ಡ್‌ನಲ್ಲಿ. 18,000ಕ್ಕೂ ಜಾಸ್ತಿ ಸೀಟು, ಬಹುಪಾಲು ಖಾಲಿ. ಮೊದಲ ಸೀಸನ್‌ನಲ್ಲೇ ಸಂಬಳ ನಿಂತಿತು. 1977ರ ಫೆಬ್ರವರಿಯಲ್ಲಿ ಆಟಗಾರರು ದುಡ್ಡು ಬರದೆ ಐಸ್‌ಗೆ ಇಳಿಯೋದಿಲ್ಲ ಅಂದುಬಿಟ್ಟರು. ಎದುರಾಳಿ ಯಾರು, ಗೋಲ್‌ಕೀಪರ್ ಯಾರು ಅನ್ನೋದು ಬಿಟ್ಟು ಚೆಕ್ ಬಂತಾ ಅಂತ ಕೇಳುವ ಡ್ರೆಸಿಂಗ್ ರೂಮ್ ಅದು. ಲೀಗ್ ಮತ್ತು ಆಟಗಾರರ ಸಂಘ ಸೇರಿ ಸಾಲ ಕೊಟ್ಟು ಹೇಗೋ ಸೀಸನ್ ದಡ ಮುಟ್ಟಿಸಿದವು.

ಆಮೇಲೆ ಜಾರ್ಜ್ ಮತ್ತು ಗಾರ್ಡನ್ ಗುಂಡ್ ಅನ್ನೋ ಅಣ್ಣತಮ್ಮಂದಿರು ತಂಡ ವಹಿಸಿಕೊಂಡರು. ಒಂದೇ ಸೀಸನ್. 1978ರ ಜೂನ್‌ನಲ್ಲಿ, ಅಷ್ಟೇ ಕಷ್ಟದಲ್ಲಿದ್ದ ಮಿನೆಸೋಟ ನಾರ್ತ್ ಸ್ಟಾರ್ಸ್ ಜೊತೆ ಬ್ಯಾರನ್ಸ್ ವಿಲೀನ. ಮುಳುಗುತ್ತಿದ್ದ ಎರಡು ದೋಣಿಗಳ ಹಲಗೆ ಕಿತ್ತು ಒಂದು ದೋಣಿ ಮಾಡಿದರು ಅನ್ನಿ. ಸೀಲ್ಸ್‌ನಲ್ಲಿ ಶುರು ಮಾಡಿದ ಡೆನಿಸ್ ಮರೂಕ್ 1989ರವರೆಗೆ ಆಡಿದರು. ಎನ್‌ಎಚ್‌ಎಲ್‌ನಲ್ಲಿ ಉಳಿದಿದ್ದ ಕೊನೆಯ ಸೀಲ್ ಅವರೇ.

[ತೆರೆಯ ಮೇಲೆ: ಕೌ ಪ್ಯಾಲೇಸ್‌ನ ಮುಂಭಾಗ]

ಈಗ ಆ ದನದ ಅರಮನೆಗೆ ಬರೋಣ. 1991ರಲ್ಲಿ ಇದೇ ಗುಂಡ್ ಸಹೋದರರು ಕ್ಯಾಲಿಫೋರ್ನಿಯಾಗೆ ವಾಪಸ್ ಬಂದು ಸ್ಯಾನ್ ಹೋಸೆ ಶಾರ್ಕ್ಸ್ ಶುರು ಮಾಡಿದರು. ಅವರ ಕ್ರೀಡಾಂಗಣ ಇನ್ನೂ ರೆಡಿ ಇರಲಿಲ್ಲ. ಮೊದಲ ಎರಡು ಸೀಸನ್ ಎಲ್ಲಿ ಆಡಿದರು ಹೇಳಿ? ಕೌ ಪ್ಯಾಲೇಸ್‌ನಲ್ಲೇ. ಎರಡನೇ ಸೀಸನ್‌ನಲ್ಲಿ 84 ಪಂದ್ಯ, 71 ಸೋಲು.

ಸ್ಕೇಟ್ ಮಾತ್ರ ಕಪ್ಪು.